ದೊಡ್ಡವರಾದ ಮೇಲೆ ಓಝ್

ಮಕ್ಕಳ ಸಿನಿಮಾವನ್ನು ದೊಡ್ಡವರಾದ ಮೇಲೆ ಮತ್ತೆ ನೋಡುವುದರಲ್ಲಿ ಒಂದು ತೊಂದರೆಯಿದೆ. ಅಷ್ಟು ಹೊತ್ತಿಗೆ ನಮಗೆ ಲೆಕ್ಕ ಬಂದಿರುತ್ತದೆ.

1939ರ ‘ದಿ ವಿಝರ್ಡ್ ಆಫ್ ಓಝ್’ ಚಿತ್ರವನ್ನೇ ನೋಡಿ. ಕಾನ್ಸಸ್‌ನ ಹುಡುಗಿ ಡೊರೊಥಿ ಸುಂಟರಗಾಳಿಗೆ ಸಿಕ್ಕಿ ಓಝ್ ಎಂಬ ಮಾಯಾಲೋಕ ಸೇರುತ್ತಾಳೆ, ಮನೆಗೆ ಮರಳಲು ಅಲ್ಲಿನ ಮಾಂತ್ರಿಕನನ್ನು ಹುಡುಕಿ ಹೊರಡುತ್ತಾಳೆ. ಬೆರ್ಚಪ್ಪ, ತಗಡಿನ ಮನುಷ್ಯ, ಸಿಂಹ ದಾರಿಯಲ್ಲಿ ಜತೆಯಾಗುತ್ತಾರೆ. ಬೆರ್ಚಪ್ಪನನ್ನೇ ತೆಗೆದುಕೊಳ್ಳಿ. ಮಿದುಳು ಬೇಕೆಂದು ಅಷ್ಟು ದೂರ ನಡೆದು ಬಂದವನ ಕೈಗೆ ಮಾಂತ್ರಿಕ ಒಂದು ಡಿಪ್ಲೊಮಾ ಪತ್ರ ಕೊಟ್ಟು ಕೈತೊಳೆದುಕೊಳ್ಳುತ್ತಾನೆ. ಪತ್ರ ಸಿಕ್ಕಿದ್ದೇ ತಡ, ಬೆರ್ಚಪ್ಪ ಹಣೆಗೆ ಬೆರಳಿಟ್ಟು ಗಡಗಡನೆ ಪ್ರಮೇಯ ಒಪ್ಪಿಸುತ್ತಾನೆ: ಸಮದ್ವಿಬಾಹು ತ್ರಿಭುಜದ ಯಾವುದೇ ಎರಡು ಬಾಹುಗಳ ವರ್ಗಮೂಲಗಳ ಮೊತ್ತ ಉಳಿದ ಬಾಹುವಿನ ವರ್ಗಮೂಲಕ್ಕೆ ಸಮ. ಮಕ್ಕಳು ಅಬ್ಬಾ ಎನ್ನುತ್ತಾರೆ. ದೊಡ್ಡವರು ಪೈಥಾಗೊರಸ್ ನೆನಪಾಗಿ ತಲೆ ಕೆರೆದುಕೊಳ್ಳುತ್ತಾರೆ. ತ್ರಿಭುಜ ಲಂಬಕೋನದ್ದಿರಬೇಕಿತ್ತು, ಮೂಲದ ಬದಲು ವರ್ಗ ಬರಬೇಕಿತ್ತು, ‘ಯಾವುದೇ ಎರಡು’ ಎಂಬುದಂತೂ ಶುದ್ಧ ತಪ್ಪು. ಅಷ್ಟಕ್ಕೇ ಮುಗಿಯಲಿಲ್ಲ, ಅವನು ಹೇಳುವಂಥ ತ್ರಿಭುಜ ಇರುವುದೇ ಸಾಧ್ಯವಿಲ್ಲ. ಸಮಬಾಹುಗಳೆರಡೂ 4 ಎನ್ನಿ. ವರ್ಗಮೂಲ 2 ಮತ್ತು 2, ಮೊತ್ತ 4; ಹಾಗಾದರೆ ಮೂರನೆಯ ಬಾಹು 16 ಆಗಬೇಕು. 4ರ ಎರಡು ಕಡ್ಡಿಗಳನ್ನು ತುದಿಗೆ ತುದಿ ಜೋಡಿಸಿದರೂ 8 ದಾಟುವುದಿಲ್ಲ, 16ರ ಎರಡು ತುದಿ ಮುಟ್ಟುವುದು ಹೇಗೆ? ಬರೆದವರ ಎಡವಟ್ಟೋ, ಬೇಕೆಂದೇ ಮಾಡಿದ ಕುಚೋದ್ಯವೋ, ಕುಚೋದ್ಯವೆಂದುಕೊಂಡೇ ನೋಡಿದರೆ ದೃಶ್ಯ ಹೆಚ್ಚು ರುಚಿಸುತ್ತದೆ. ವಿದ್ಯೆಯಿಲ್ಲದಾಗ ದಾರಿಯುದ್ದಕ್ಕೂ ಚುರುಕಾಗಿ ಉಪಾಯ ಹೇಳುತ್ತಿದ್ದವನು, ಪದವಿ ಬಂದ ಮರುಕ್ಷಣವೇ ತಪ್ಪು ಹೇಳುತ್ತಾನೆ, ಅದೂ ಎಂಥ ಆತ್ಮವಿಶ್ವಾಸದಿಂದ!

ಇನ್ನೊಂದು ಪ್ರಶ್ನೆ ಡೊರೊಥಿ ತೊಟ್ಟ ಕೆಂಪು ಪಾದರಕ್ಷೆಯದು. ಹಿಮ್ಮಡಿಗೆ ಹಿಮ್ಮಡಿ ಮೂರು ಸಲ ತಟ್ಟಿದರೆ ಮನೆ ಸೇರಬಹುದೆಂಬುದು ಒಳ್ಳೆಯ ಮಾಟಗಾತಿ ಗ್ಲಿಂಡಾಳಿಗೆ ಗೊತ್ತಿದ್ದರೆ, ಡೊರೊಥಿಗೆ ಅದನ್ನು ಮೊದಲೇ ಹೇಳಬಾರದಿತ್ತೆ? ಹೇಳಿದ್ದರೆ ನಂಬುತ್ತಿರಲಿಲ್ಲ ಎಂದು ಆಕೆ ನುಣುಚಿಕೊಳ್ಳುತ್ತಾಳೆ. ನಿಜವಾದ ಕಾರಣ ಕತೆಯೊಳಗಿಲ್ಲ. ಫ್ರಾಂಕ್ ಬಾಮ್ 1900ರಲ್ಲಿ ಬರೆದ ಪುಸ್ತಕದಲ್ಲಿ ಒಳ್ಳೆಯ ಮಾಟಗಾತಿಯರು ಇಬ್ಬರು. ಆರಂಭದಲ್ಲಿ ಸಿಗುವ ಉತ್ತರದಾಕೆಗೆ ಪಾದರಕ್ಷೆಯ ಗುಟ್ಟು ತಿಳಿಯದು. ತಿಳಿದಿರುವ ದಕ್ಷಿಣದ ಗ್ಲಿಂಡಾ ಬರುವುದು ಕೊನೆಗೆ. ಸಿನಿಮಾದವರು ಇಬ್ಬರನ್ನೂ ಸೇರಿಸಿ ಒಬ್ಬಳನ್ನು ಮಾಡಿದರು. ಒಂದು ಪಾತ್ರ ಉಳಿಯಿತು, ಒಂದು ತೂತು ಹುಟ್ಟಿತು. ಪುಸ್ತಕದಲ್ಲಿ ಆ ಪಾದರಕ್ಷೆಗಳು ಬೆಳ್ಳಿಯವು. ಟೆಕ್ನಿಕಲರ್ ಎಂಬ ಆಗಿನ ಬಣ್ಣದ ಚಿತ್ರೀಕರಣದಲ್ಲಿ ಹಳದಿ ಇಟ್ಟಿಗೆಯ ದಾರಿಯ ಮೇಲೆ ಎದ್ದು ಕಾಣಲೆಂದು ಅವಕ್ಕೆ ಕೆಂಪು ಬಂತು.

ಬಣ್ಣದ ಮಾತು ಬಂದದ್ದರಿಂದ, ಮತ್ತೆ ನೋಡಲು ಕೂರುವವರು ಮೊದಲು ಟೀವಿಯ ಸೆಟ್ಟಿಂಗ್ ಸರಿಮಾಡಿಕೊಳ್ಳುವುದು ಒಳ್ಳೆಯದು. ಚಿತ್ರದ ಚೌಕಟ್ಟಿನ ಅನುಪಾತ 1.37:1, ಹೆಚ್ಚುಕಡಿಮೆ ಚೌಕ. ಈಗಿನ ಅಗಲ ಪರದೆಯಲ್ಲಿ ಎಡಬಲಕ್ಕೆ ಕಪ್ಪುಪಟ್ಟಿ ಬರಲೇಬೇಕು. ಅದು ಸಹಿಸದೆ ಝೂಮ್ ಒತ್ತಿದರೆ ಮೇಲೂ ಕೆಳಗೂ ಕತ್ತರಿ ಬೀಳುತ್ತದೆ. ಪಾದರಕ್ಷೆಯ ಕತೆಯಲ್ಲಿ ಪಾದಗಳೇ ಮಾಯ. ಚಲನೆಯನ್ನು ನಯಗೊಳಿಸುವ ಮೋಶನ್ ಸ್ಮೂದಿಂಗ್ ಆಯ್ಕೆಯನ್ನೂ ಆಫ್ ಮಾಡಿಬಿಡಿ. ಅದಿದ್ದರೆ ಮಾಂತ್ರಿಕನ ಊರಾದ ಪಚ್ಚೆನಗರ ನಾಟಕದ ಪರದೆಯಾಗಿಯೇ ಕಾಣುತ್ತದೆ. ಕಾನ್ಸಸ್‌ನ ಭಾಗ ಬರಿಯ ಕಪ್ಪು-ಬಿಳುಪಿನಲ್ಲಿದ್ದರೆ ಆ ಪ್ರತಿಯನ್ನು ಕೈಬಿಡಿ, ಅದು ಕಂದುಬಣ್ಣದ ಸೆಪಿಯಾದಲ್ಲಿರಬೇಕು.

ಇದು ಬರೀ ಶುದ್ಧತೆಯ ಹಟವಲ್ಲ. ಡೊರೊಥಿ ಬಾಗಿಲು ತೆರೆದು ಬಣ್ಣದ ಲೋಕಕ್ಕೆ ಕಾಲಿಡುವ ಶಾಟ್ ನಿಂತಿರುವುದೇ ಆ ಕಂದುಬಣ್ಣದ ಮೇಲೆ. ಆ ಶಾಟ್ ಮೊದಲಿಂದ ಕೊನೆಯವರೆಗೂ ಕಲರ್ ಫಿಲ್ಮ್‌ನಲ್ಲೇ ತೆಗೆದದ್ದು. ಮನೆಯೊಳಗಿನ ಗೋಡೆ, ಬಾಗಿಲಿಗೆಲ್ಲ ಕಂದುಬಣ್ಣ ಬಳಿದಿದ್ದರು. ಬೆನ್ನು ತೋರಿಸುತ್ತ ಬಾಗಿಲು ತೆರೆಯುವವಳು ಕಂದು ಛಾಯೆಯ ಲಂಗ ತೊಟ್ಟ ಡೂಪ್. ಅವಳು ಪಕ್ಕಕ್ಕೆ ಸರಿಯುತ್ತಾಳೆ, ನೀಲಿ ಚೌಕುಳಿ ಲಂಗದ ಜೂಡಿ ಗಾರ್ಲಂಡ್ ಮುಂದೆ ಬರುತ್ತಾಳೆ. ಹಿಂದಿನ ದೃಶ್ಯ ಕಪ್ಪು-ಬಿಳುಪಿನಲ್ಲಿದ್ದರೆ, ಬಾಗಿಲು ತೆರೆಯುವ ಮೊದಲೇ ಗೋಡೆ ಕಂದಾಗಿ ಗುಟ್ಟು ರಟ್ಟಾಗುತ್ತದೆ. ಡೂಪ್ ಇರುವುದು ತಿಳಿದ ಮೇಲೂ ಆ ಗಳಿಗೆಯ ರೋಮಾಂಚನ ಕಡಿಮೆಯಾಗುವುದಿಲ್ಲ, ನನ್ನ ಕೇಳಿದರೆ ಇನ್ನಷ್ಟು ಹೆಚ್ಚುತ್ತದೆ.

ಸುಂಟರಗಾಳಿಯೂ ಅಂಥದ್ದೇ. ಅದು ಸುಮಾರು 35 ಅಡಿ ಉದ್ದದ ಮಸ್ಲಿನ್ ಬಟ್ಟೆಯ ಕೊಳವೆ, ಮೇಲಿನ ತುದಿ ಕ್ರೇನಿಗೆ ತೂಗುಹಾಕಿದ್ದು. ಮೊದಲು ರಬ್ಬರಿನಲ್ಲಿ ಮಾಡಿ ನೋಡಿದ್ದರು, ಅದು ಬಳುಕಲಿಲ್ಲ. ಬಟ್ಟೆ ಬಳುಕಿತು, ಧೂಳೂ ಉಗುಳಿತು.

ಬಣ್ಣಕ್ಕೆ ತೆತ್ತ ಬೆಲೆ ಮಾತ್ರ ತಮಾಷೆಯದಲ್ಲ. ಟೆಕ್ನಿಕಲರ್ ಕ್ಯಾಮೆರಾ ಬೆಳಕನ್ನು ಪಟ್ಟಕದಿಂದ ಒಡೆದು ಮೂರು ನೆಗೆಟಿವ್‌ಗಳಿಗೆ ಹಂಚುತ್ತಿತ್ತು. ಒಂದೊಂದಕ್ಕೆ ಸಿಗುವ ಬೆಳಕು ಕಡಿಮೆ, ಹಾಗಾಗಿ ಸೆಟ್ಟಿನ ತುಂಬ ದೀಪ. ದೀಪ ಹೆಚ್ಚಿದಷ್ಟೂ ಸೆಕೆ. ಆ ಸೆಕೆಯಲ್ಲಿ ಸಿಂಹದ ಪಾತ್ರದ ಬರ್ಟ್ ಲಾರ್ ನಿಜವಾದ ಸಿಂಹದ ಚರ್ಮ ಹೊದ್ದು ಕುಣಿದ. ತಗಡಿನ ಮನುಷ್ಯನಾಗಬೇಕಿದ್ದ ಬಡ್ಡಿ ಎಬ್ಸನ್, ಮುಖಕ್ಕೆ ಬಳಿದ ಅಲ್ಯೂಮಿನಿಯಂ ಪುಡಿ ಶ್ವಾಸಕೋಶ ಸೇರಿ ಆಸ್ಪತ್ರೆ ಪಾಲಾದ. ಬದಲಿಗೆ ಬಂದ ಜ್ಯಾಕ್ ಹೇಲಿಗೆ ಪುಡಿಯ ಬದಲು ಪೇಸ್ಟ್ ಹಚ್ಚಿದರು. ಗುಂಪಿನ ಹಾಡಿನಲ್ಲಿ ಈಗಲೂ ಎಬ್ಸನ್ ದನಿ ಉಳಿದಿದೆ. ಕೆಟ್ಟ ಮಾಟಗಾತಿಯ ಪಾತ್ರದ ಮಾರ್ಗರೆಟ್ ಹ್ಯಾಮಿಲ್ಟನ್ ಹೊಗೆ, ಬೆಂಕಿಯ ನಡುವೆ ಮಾಯವಾಗುವಾಗ ನಿಜಕ್ಕೂ ಮುಖ, ಕೈ ಸುಟ್ಟುಕೊಂಡಳು. ಸಾಲದ್ದಕ್ಕೆ ಬಳಿದಿದ್ದ ಹಸಿರು ಬಣ್ಣದಲ್ಲಿ ವಿಷಕಾರಿ ತಾಮ್ರವಿತ್ತು.

ಹಾಡುಗಳನ್ನು ಸಂಗೀತದ ಕಿವಿಯಿಂದ ಕೇಳಿದರೆ ರಾಗ ಹಾಕಿದ ಹೆರಾಲ್ಡ್ ಆರ್ಲೆನ್ ಜಾಣ್ಮೆ ಬಿಚ್ಚಿಕೊಳ್ಳುತ್ತದೆ. ‘ಓವರ್ ದಿ ರೇನ್‌ಬೋ’ ಮೊದಲ ಪದದಲ್ಲೇ ಮಧ್ಯ ಷಡ್ಜದಿಂದ ತಾರಷಡ್ಜಕ್ಕೆ ಜಿಗಿಯುತ್ತದೆ. ಮುಂದಿನ ಸಾಲು ಅದೇ ಮಧ್ಯ ಷಡ್ಜದಿಂದ ಹೊರಟು ಧೈವತದವರೆಗೆ ಮಾತ್ರ ತಲುಪುತ್ತದೆ. ಆಸೆ ಮೇಲಕ್ಕೆ, ಕಾಲು ನೆಲಕ್ಕೆ. ಕತೆಯ ಓಟ ಕುಂಟುತ್ತದೆಂದು ಬಿಡುಗಡೆಗೆ ಮುಂಚಿನ ಪ್ರೀವ್ಯೂ ಪ್ರದರ್ಶನದ ನಂತರ ಸ್ಟುಡಿಯೋದವರು ಇದನ್ನೇ ಕಿತ್ತುಹಾಕಲು ಹೊರಟಿದ್ದರು! ಇದರ ಪುನರಾವರ್ತನೆಯನ್ನೂ ‘ಜಿಟರ್‌ಬಗ್’ ಎಂಬ ಇನ್ನೊಂದು ಹಾಡನ್ನೂ ಕತ್ತರಿಸಿಯೇಬಿಟ್ಟರು. ಆದ್ದರಿಂದಲೇ ಸಿಂಹ ತಾನು ರಾಜನಾದರೆ ಎಂದು ಹಾಡಿದ ಮೇಲೆ, ಕೊನೆಯ ಅರ್ಧ ಗಂಟೆಯಲ್ಲಿ ಕಾವಲುಗಾರರ ಘೋಷ ಬಿಟ್ಟರೆ ಹಾಡೇ ಇಲ್ಲ. ಸಂಗೀತಪ್ರಧಾನ ಚಿತ್ರಕ್ಕೆ ಇದು ವಿಚಿತ್ರ, ಆದರೆ ಭಯ ಗಟ್ಟಿಯಾಗುವುದು ಆ ಮೌನದಿಂದಲೇ. ಚಿಕ್ಕಂದಿನಲ್ಲಿ ಬೆಚ್ಚಿಬೀಳಿಸುವುದು ಹಾರುವ ಕೋತಿಗಳು. ದೊಡ್ಡವರಿಗೆ ಕಷ್ಟವಾಗುವುದು ಸ್ಫಟಿಕ ಗೋಳದಲ್ಲಿ ಚಿಕ್ಕಮ್ಮ ಎಮ್ ಹೆಸರು ಹಿಡಿದು ಕೂಗುತ್ತ ಹುಡುಕುವ ದೃಶ್ಯ; ಇಲ್ಲಿಂದ ಕೂಗಿದ್ದು ಅಲ್ಲಿಗೆ ಕೇಳುವುದಿಲ್ಲ.

ಕೊನೆಗೆ ಡೊರೊಥಿ ಎಚ್ಚರಾಗುತ್ತಾಳೆ, ಮಂಚದ ಸುತ್ತ ಎಲ್ಲರೂ ನಗುತ್ತಾರೆ. ಇಷ್ಟಕ್ಕೂ ಹುಡುಗಿ ಮನೆ ಬಿಟ್ಟದ್ದು ಯಾಕೆ? ನಾಯಿ ಕಚ್ಚಿತೆಂದು ಊರಿನ ಮಿಸ್ ಗಲ್ಚ್ ಎಂಬಾಕೆ ಶೆರಿಫ್‌ನ ಆದೇಶ ತಂದು ಡೊರೊಥಿಯ ನಾಯಿ ಟೋಟೋವನ್ನು ಬುಟ್ಟಿಗೆ ತುಂಬಿದ್ದಕ್ಕೆ, ಅದು ತಪ್ಪಿಸಿಕೊಂಡು ಬಂದದ್ದಕ್ಕೆ. ನಾಯಿಯನ್ನು ಒಪ್ಪಿಸದಿದ್ದರೆ ದಾವೆ ಹೂಡಿ ಹೊಲವನ್ನೇ ಬರೆಸಿಕೊಳ್ಳುವೆನೆಂದು ಆಕೆ ಬೆದರಿಸಿಯೂ ಇದ್ದಳು. ಆ ಆದೇಶವನ್ನು ಯಾರೂ ರದ್ದು ಮಾಡಿಸಿಲ್ಲ. ಸತ್ತದ್ದು ಓಝ್‌ನ ಮಾಟಗಾತಿ; ಕಾನ್ಸಸ್‌ನ ಗಲ್ಚ್‌ಗೆ ಏನಾಯಿತೆಂದು ಸಿನಿಮಾ ತುಟಿ ಬಿಚ್ಚುವುದಿಲ್ಲ. ಟೋಟೋ ಮಂಚದ ಮೇಲೇ ಇದೆ, ಚಿಕ್ಕಪ್ಪ ಹೆನ್ರಿ ಆದಷ್ಟು ಬೇಗ ಒಬ್ಬ ವಕೀಲರನ್ನು ಕಾಣುವುದು ಲೇಸು.