ಅಡ್ಡ ಹಾಕಲೋ, ಉದ್ದ ಹಾಕಲೋ?

ಪದಬಂಧ ಬಿಡಿಸುವವರು ಮನೆಯಲ್ಲಿದ್ದರೆ ಒಂದು ಅನುಕೂಲ ಇದೆಯಂತೆ. ಪೇಪರು ಹಿಡಿದು ಕೂತರೆ ತಾಸುಗಟ್ಟಲೆ ಯಾರ ತಂಟೆಗೂ ಬರುವುದಿಲ್ಲವಂತೆ. ನಮ್ಮನೆಯವರದು ಬಾಯಿ ಮುಚ್ಚಿಕೊಂಡು ಬಿಡಿಸುವ ಪೈಕಿ ಅಲ್ಲ. ಹುಬ್ಬಳ್ಳಿ ವಿದ್ಯಾನಗರದ ನಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು, ಹಾಲಿನ ಲೆಕ್ಕ ಬರೆಯುವ ಪೆನ್ಸಿಲ್ಲನ್ನು ಕಿವಿಗೆ ಸಿಗಿಸಿಕೊಂಡು, ಒಂದೊಂದು ಸುಳಿವನ್ನೂ ಓಣಿಗೆಲ್ಲ ಕೇಳುವಂತೆ ಓದುತ್ತಾರೆ. ಉತ್ತರ ಹೊಳೆಯಿತೋ, ಅದನ್ನೂ ಒಮ್ಮೆ ಕೂಗಿ ಹೇಳಿದ ಮೇಲೆಯೇ ಬರೆಯುವುದು. 'ಆಕಳ ಮರಿ', 'ಸೂರ್ಯನ ಇನ್ನೊಂದು ಹೆಸರು' ಎಂಬಂಥ ಸಾದಾ ಸುಳಿವುಗಳಿರುವವರೆಗೆ ಓಣಿಗೇನೂ ತ್ರಾಸ ಇರಲಿಲ್ಲ. ತ್ರಾಸ ಶುರುವಾದದ್ದು ಅಕ್ಷರ ಕಲಸುವ ಸುಳಿವುಗಳಿಂದ.

ಇದರ ಕಸುಬು ಹೀಗೆ. ಉತ್ತರ ಸುಳಿವಿನೊಳಗೇ ಕೂತಿರುತ್ತದೆ, ಆದರೆ ಅಕ್ಷರಗಳನ್ನು ಗಿರಮಿಟ್ಟಿನ ಹಾಗೆ ಕಲಸಿಟ್ಟಿರುತ್ತಾರೆ. ಕಲಸಿದ್ದಾರೆ ಅನ್ನುವುದಕ್ಕೆ ಪಕ್ಕದಲ್ಲೇ 'ದಿಕ್ಕೆಟ್ಟ', 'ಚೆಲ್ಲಾಪಿಲ್ಲಿ', 'ಗೊಂದಲ', 'ತಿರುಗಿದ' ಅಂತ ಏನಾದರೊಂದು ಗುರುತು ಇರುತ್ತದೆ. 'ನದಿ ತಿರುಗಿದರೆ ಹಗಲು' ಅಂದರೆ ದಿನ. 'ವದನ ಚೆಲ್ಲಾಪಿಲ್ಲಿಯಾದರೂ ಘಮ್ಮೆನ್ನುತ್ತದೆ' ಅಂದರೆ ದವನ. 'ಮದನ ದಿಕ್ಕೆಟ್ಟಾಗ ಆದದ್ದು' ಅಂದರೆ ದಮನ. ಹೋಳಿಗೆ ಓಣಿಗೊಬ್ಬ ಕಾಮಣ್ಣನನ್ನು ಕೂಡಿಸಿ ಸುಡುವ ನಮ್ಮೂರವರಿಗೆ ಇದನ್ನು ಬಿಡಿಸಿ ಹೇಳುವುದು ಬೇಡ. ಈ ಆಟದ ಮೂಲಪುರುಷ ವಾಲ್ಮೀಕಿ ಅಂತ ನಮ್ಮನೆಯವರ ವಾದ. 'ಮರಾ ಮರಾ' ಅನ್ನುತ್ತಲೇ ರಾಮ ಅಂದವನಲ್ಲವೇ! ಹುತ್ತ ಬೆಳೆಯುವವರೆಗೂ ಎದ್ದು ಬರದ ಲಕ್ಷಣ ಮಾತ್ರ ಇಬ್ಬರಲ್ಲೂ ಒಂದೇ ಎಂದು ನಾನು ಒಪ್ಪಿದ್ದೇನೆ.

ಇಂಗ್ಲಿಷಿನವರಿಗೆ ಈ ಆಟ ಸಲೀಸು. ಅಲ್ಲಿ ಪ್ರತಿ ಲೆಟರೂ ಬಿಡಿ. 'ಲಿಸನ್' ಅನ್ನುವುದರ ಆರೂ ಲೆಟರು ಕಲಸಿದರೆ 'ಸೈಲೆಂಟ್' ಆಗುತ್ತದೆ. ಇದನ್ನು ನಮ್ಮ ಅತ್ತೆಗೆ ಹೇಳಿದಾಗ, "ಇವಂಗ ಎರಡೂ ಬರೂದಿಲ್ಲ" ಅಂದರು, ಮಗನ ಕಡೆ ನೋಡಿ. ಕನ್ನಡದಲ್ಲಿ ಹಾಗಲ್ಲ. ಒಂದು ಮನೆಗೆ ಇಡೀ ಒಂದು ಅಕ್ಷರ, ಕಾಗುಣಿತ ಒತ್ತು ಎಲ್ಲ ಸಂಸಾರಸಮೇತ ಬಂದು ಕೂಡಬೇಕು. ಕೃಷ್ಣನಿಗೆ ಎರಡೇ ಮನೆ ಸಾಕು. ಅವನನ್ನು ತಿರುಗಿಸಿದರೆ 'ಷ್ಣಕೃ' ಆಗುತ್ತದೆ, ಅದನ್ನು ಗಂಟಲು ಕ್ಯಾಕರಿಸದೆ ಹೇಳಲಾಗದು. ನಮ್ಮ ಹುಬ್ಬಳ್ಳಿಯೂ ಕಲಸಲು ಬರುವ ಊರಲ್ಲ. ಧಾರವಾಡವನ್ನು ಕಲಸಿದರೆ 'ಧಾಡವಾರ', ಯಾರದೋ ಅಡ್ಡಹೆಸರಿದ್ದಂತೆ ಕೇಳುತ್ತದೆ. ಹಾವೇರಿ 'ಹಾರಿವೇ?' ಅಂತ ಹಕ್ಕಿಗಳ ಬಗ್ಗೆ ವಿಚಾರಿಸುತ್ತದೆ. ಗದಗಿನದೇ ಗಟ್ಟಿ ಕಾರಭಾರ: ಹಿಂದಿನಿಂದ ಓದಿ, ಮುಂದಿನಿಂದ ಓದಿ, ಗದಗ ಗದಗವೇ.

ಮೂರಕ್ಷರವನ್ನು ಆರು ರೀತಿ ಜೋಡಿಸಬಹುದು, ನಾಲ್ಕನ್ನು 24, ಐದನ್ನು 120. ಹೀಗಾಗಿ ಪದಬಂಧ ಮಾಡುವವರಿಗೂ ಬಿಡಿಸುವವರಿಗೂ ಮೂರಕ್ಷರದ ಮೇಲೇ ಪ್ರೀತಿ. ನನ್ನ ತಕರಾರು ಇರುವುದೂ ಅಲ್ಲೇ. ಕನ್ನಡದಲ್ಲಿ ಕಲಸಿದರೆ ಚೊಕ್ಕವಾಗಿ ಬೇರೆ ಅರ್ಥ ಕೊಡುವ ಮೂರಕ್ಷರದ ಪದಗಳಲ್ಲಿ ಬಹಳಷ್ಟು ಕೂಗಿ ಹೇಳುವಂಥವಲ್ಲ.

'ಗಮನ ಚದುರಿದರೆ ಪುತ್ರನ' ಅನ್ನುವುದನ್ನೇ ತೆಗೆದುಕೊಳ್ಳಿ. ಅಂದು ಉತ್ತರ ಹೊಳೆದ ಹೊತ್ತಿಗೂ, ಕರೆಂಟಿನ ಮೀಟರು ನೋಡುವ ಹುಡುಗ ನಮ್ಮ ಗೇಟು ತೆರೆದ ಹೊತ್ತಿಗೂ ಸರಿಹೋಯಿತು. "ಸಿಕ್ಕಿದೆಲ್ಲೋ ಮಗನ!" ಎಂದು ಇವರು ತೊಡೆ ತಟ್ಟಿದರು. ಬೇರೆ ಊರಾಗಿದ್ದರೆ ಜಗಳವೇ ಆಗುತ್ತಿತ್ತೇನೋ. ಹುಬ್ಬಳ್ಳಿಯಲ್ಲಿ ಮಗನ ಅನ್ನುವುದು ಮಾತಿನ ನಡುವಿನ ಉಸಿರು, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಆದರೆ ಆ ಹುಡುಗನ ಮುಖ ಬಿಳಿಚಿತು.

"ಕಾಕಾ, ಹೋದ ತಿಂಗಳಾ ಬಂದಿದ್ನಿರಿ. ಗೇಟಿಗೆ ಕೀಲಿ ಇತ್ತು. ಅದಕ್ಕ ಒಂದ ಅಂದಾಜಿಗೆ ಬರದ ಹೋಗಿದ್ದೆ..."

ಕೇಳದೆಯೇ ಕಬೂಲಿ! ಅಷ್ಟರಲ್ಲಿ ಒಳಗಿನಿಂದ ಅತ್ತೆ ಬೇರೆಯೇ ತಕರಾರು ತೆಗೆದರು. ಅವರ ಪ್ರಕಾರ ಉತ್ತರ 'ನಮಗ' ಅಂತಲೂ ಆಗುತ್ತದೆ. "ಅವ್ವಾ, ಅದು ನಮಗೆ. ಗೆ ಬರಬೇಕು" ಅಂತ ಇವರು. "ಯಾರ ಅಂತಾರೋ ಹಂಗ? ನಮಗ ನಮಗs" ಅಂತ ಅವರು. ಪದಬಂಧ ಮಾಡುವವರು ಮೈಸೂರು ಸೀಮೆಯವರಾದರೆ ನಮ್ಮ ಕಡೆ ಒಂದು ಉತ್ತರ ಹೆಚ್ಚಿಗೆ ಸಿಗುತ್ತದೆ ಅನ್ನುವುದು ಅವರಿಗೆ ಹೇಗೆ ಗೊತ್ತಾಗಬೇಕು?

ಚಿಗರಿ ಬಸ್ಸಿನಲ್ಲಿ ನಡೆದದ್ದು ಇದಕ್ಕಿಂತ ದೊಡ್ಡದು. ಇಬ್ಬರೂ ಧಾರವಾಡಕ್ಕೆ ಹೊರಟಿದ್ದೆವು. ನಾನು ಮುಂದೆ ಹೆಂಗಸರ ಸೀಟಿನಲ್ಲಿ, ಇವರು ಹಿಂದೆ ಕಂಬ ಹಿಡಿದು ನಿಂತು. ಎಸಿ ಬಸ್ಸು, ಕಿಟಕಿ ಮುಚ್ಚಿರುತ್ತವೆ, ಯಾರು ಏನು ಮಾತಾಡಿದರೂ ಎಲ್ಲರಿಗೂ ಕೇಳುತ್ತದೆ. ಉಣಕಲ್ ಕೆರೆ ದಾಟುತ್ತಿದ್ದಂತೆ ಇವರು ಸಪ್ತಾಪುರದ ನನ್ನ ಮೈದುನನಿಗೆ ಫೋನು ಹಚ್ಚಿದರು. ಅವನೂ ಇದೇ ರೋಗದವನು. 'ರಮಣ ದಿಕ್ಕೆಟ್ಟರೆ ಕೊನೆ' ಅನ್ನುವ ಸುಳಿವು ಇಬ್ಬರನ್ನೂ ಬೆಳಗಿನಿಂದ ಕಾಡಿತ್ತಂತೆ.

"ಲೇ ತಮ್ಮಾ, ರಮಣ ದಿಕ್ಕೆಟ್ಟಾನ. ನನಗ ಮುಂಜಾನೇನ ಡೌಟ್ ಬಂದಿತ್ತು. ಹೌದೋ, ಮರಣ. ಗ್ಯಾರಂಟಿ ಮರಣ."

ಬಸ್ಸಿನಲ್ಲಿ ಹರಟೆ ನಿಂತಿತು.

"ಮೂರ ಮನಿ ಖಾಲಿ ಅದಾವು. ಅಡ್ಡ ಹಾಕಲೋ, ಉದ್ದ ಹಾಕಲೋ? ಅಡ್ಡ ಹಾಕಿದ್ರ ಹಿಡಿಯೂದಿಲ್ಲ ನೋಡು."

ಪಕ್ಕದ ಸೀಟಿನಲ್ಲಿ ಕೂತಿದ್ದ ಟೊಪ್ಪಿಗೆಯ ಯಜಮಾನರೊಬ್ಬರಿಗೆ ತಡೆಯಲಾಗಲಿಲ್ಲ. "ಅಡ್ಡ ಉದ್ದ ಯಾಕ್ರೀ, ನಮ್ಮಲ್ಲೆ ಕುಂದ್ರಸ್ತಾರ" ಅಂದರು, ಮೆಲ್ಲಗೆ. ಆಮೇಲೆ ಎದ್ದು ನಿಂತು ಇವರ ಹೆಗಲ ಮೇಲೆ ಕೈಯಿಟ್ಟು, "ಯಾವಾಗ ಆತ್ರಿ?" ಅಂತ ಕೇಳಿದರು.

"ಈಗರಿ, ಉಣಕಲ್ ದಾಟಿದ ಮ್ಯಾಲೆ."

"ವಯಸ್ಸಾಗಿತ್ತೇನ್ರಿ?"

ಇವರು ಪೇಪರಿನಿಂದ ಕಣ್ಣೆತ್ತದೆ, "ಬರೇ ಮೂರರಿ" ಅಂದರು.

"ಮೂರs? ಅಯ್ಯ ಶಿವನ, ಕೂಸು!" ಎಂದು ನನ್ನ ಪಕ್ಕದ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡಳು. ಯಜಮಾನರು ತಮ್ಮ ಸೀಟನ್ನೇ ಬಿಟ್ಟುಕೊಟ್ಟರು. ಇವರು ಥ್ಯಾಂಕ್ಸ್ ಹೇಳಿ ಕೂತು, ಮುಂದಿನ ಸುಳಿವಿಗೆ ಹೋದರು. ನವನಗರ ಬರುವವರೆಗೂ ಆ ಹೆಂಗಸು ಮೂಗು ಸೇದುವುದು ನಿಲ್ಲಿಸಲಿಲ್ಲ. ಅದು ಪದಬಂಧ ಕಣವ್ವಾ ಅಂತ ಹೇಳಲು ನನಗೆ ಬಾಯಿ ಬರಲಿಲ್ಲ, ಹೇಳಿದ್ದರೆ ಇಬ್ಬರನ್ನೂ ಅಲ್ಲೇ ಇಳಿಸುತ್ತಿದ್ದರು.

"ಪದಬಂಧದಿಂದ ಯಾರಿಗೇನ ಆಗತೈತಿ?" ಎಂದು ಇವರು ಮನೆಗೆ ಬಂದ ಮೇಲೂ ವಾದಿಸಿದರು. ಆಗ ನಾನು ಎಲ್ಲೋ ಓದಿದ್ದ ಲಂಡನ್ನಿನ ಕತೆ ತೆಗೆದೆ. 1944ರ ಮೇ ತಿಂಗಳು. ಜರ್ಮನರ ಮೇಲೆ ಬೀಳಲು ಮಿತ್ರಸೇನೆ ನಾರ್ಮಂಡಿಗೆ ಹೊರಡುವ ತಯಾರಿಯಲ್ಲಿದೆ, ಎಲ್ಲ ಗುಟ್ಟು. ಆಗ ಡೈಲಿ ಟೆಲಿಗ್ರಾಫ್ ಪತ್ರಿಕೆಯ ಪದಬಂಧದಲ್ಲಿ ಒಂದಾದ ಮೇಲೊಂದರಂತೆ ಯೂಟಾ, ಒಮಾಹಾ, ಓವರ್‌ಲಾರ್ಡ್, ಮಲ್ಬರಿ, ನೆಪ್ಚೂನ್ ಉತ್ತರಗಳಾಗಿ ಬರತೊಡಗಿದವು. ಎಲ್ಲವೂ ಆ ದಾಳಿಯ ಗುಪ್ತ ಹೆಸರುಗಳೇ! ದಾಳಿ ಇದ್ದದ್ದು ಜೂನ್ 6ಕ್ಕೆ. ಪದಬಂಧ ಮಾಡುತ್ತಿದ್ದ ಲಿಯೊನಾರ್ಡ್ ಡಾವ್ ಒಂದು ಸಾಲಿಯ ಹೆಡ್ ಮಾಸ್ತರ. ಗುಪ್ತಚರರು ಮನೆಗೇ ಬಂದು ಅವರನ್ನು ವಿಚಾರಿಸಿದರು. ಮಾಸ್ತರರಿಗೆ ತಲೆಬುಡ ಗೊತ್ತಿರಲಿಲ್ಲ. 1984ರಲ್ಲಿ ಅವರ ಹಳೇ ವಿದ್ಯಾರ್ಥಿಯೊಬ್ಬ ಬಾಯಿಬಿಟ್ಟ: ಮಾಸ್ತರರು ಚೌಕ ತುಂಬಿಸುವ ಕೆಲಸಕ್ಕೆ ಹುಡುಗರನ್ನು ಹಚ್ಚುತ್ತಿದ್ದರು, ಹುಡುಗರು ಹತ್ತಿರದ ಸೈನಿಕರ ಬಾಯಲ್ಲಿ ಕೇಳಿದ ಪದಗಳನ್ನೇ ತಂದು ಹಾಕುತ್ತಿದ್ದರು.

"ನೋಡ್ರಿ, ಕೇಳಬಾರದವರ ಕಿವಿಗೆ ಬಿದ್ರ ಏನಾಗತೈತಿ" ಅಂದೆ. ಇವರು ಗಂಭೀರವಾಗಿ ತಲೆಯಾಡಿಸಿ, 1913ರ ಡಿಸೆಂಬರ್ 21ಕ್ಕೆ ನ್ಯೂಯಾರ್ಕಿನಲ್ಲಿ ಆರ್ಥರ್ ವಿನ್ ಮೊದಲ ಪದಬಂಧ ಅಚ್ಚು ಹಾಕಿಸಿದಾಗ ಅದರ ಹೆಸರು 'ವರ್ಡ್-ಕ್ರಾಸ್' ಇತ್ತೆಂದೂ, ಕೆಲವೇ ವಾರಗಳಲ್ಲಿ ಮೊಳೆ ಜೋಡಿಸುವವರ ಕೈಯಲ್ಲಿ ಹಿಂದುಮುಂದಾಗಿ 'ಕ್ರಾಸ್-ವರ್ಡ್' ಆಯಿತೆಂದೂ ನನಗೇ ತಿರುಗಿ ಪಾಠ ಮಾಡಿದರು. ಹೆಸರೇ ಅದಲುಬದಲಾದ ಆಟಕ್ಕೆ ಬಿದ್ದವರಿಗೆ ಬುದ್ಧಿ ಹೇಳಿ ಏನು ಬಂತು?

ಹೋದ ರವಿವಾರ 'ವಸತಿಯಲ್ಲಿ ಗೊಂದಲ ಎಬ್ಬಿಸುವವಳು' ಬಂತು. ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಕಟ್ಟೆಯ ಮೇಲಿಂದ ಕೂಗು:

"ಲೇ, ಸವತಿ! ಸವತಿ ಬಂದ್ಲು! ಬರೋಬ್ಬರಿ ಕುಂತ್ಲು ನೋಡು!"

"ಬರಲಿ ಬಿಡ್ರಿ, ರೊಟ್ಟಿ ಬಡೀಲಿಕ್ಕೆ ಒಂದ ಕೈ ಆದೀತು" ಎಂದು ನಾನೂ ಅಲ್ಲಿಂದಲೇ ಕೂಗಿದೆ. ಎದುರು ಮನೆಯಾಕೆ ತುಳಸಿಗೆ ನೀರು ಹಾಕುತ್ತ ನಿಂತದ್ದು ನನಗೆ ಕಾಣಿಸಿರಲಿಲ್ಲ. ಅತ್ತೆಗೆ ಈಚೆಗೆ ಕಿವಿ ಮಂದ. ಅವರ ಲೆಕ್ಕದಲ್ಲಿ ಸವತಿ ಅಂದರೆ ಸವತಿಕಾಯಿ. "ಕೇಜಿಗೆ ಹೆಂಗ ಕೊಟ್ರೋ?" ಎಂದು ಕೇಳಿ, ಉತ್ತರ ಬರದಿದ್ದಾಗ ತಮ್ಮ ಪಾಡಿಗೆ ಎದ್ದು ಕೋಸಂಬರಿಗೆ ಹೆಸರುಬ್ಯಾಳಿ ನೆನೆಹಾಕಿದರು. ಮುಂಜಾನೆ ತಂದ ಸವತಿಕಾಯಿ ಹೇಗೂ ಇತ್ತು.

ಸಂಜೆ ಎದುರು ಮನೆಯಾಕೆ ಶೇಂಗಾ ಹೋಳಿಗೆಯ ಡಬ್ಬಿ ಹಿಡಿದುಕೊಂಡು ಬಂದರು. ಹಬ್ಬವಿಲ್ಲ ಹುಣ್ಣಿಮೆಯಿಲ್ಲ. ಪಡಸಾಲೆಯಲ್ಲಿ ಅತ್ತೆಯ ಪಕ್ಕ ಕೂತು ಮಳೆ ಬೆಳೆ ಮಾತಾಡಿದರು. ಕಣ್ಣು ಮಾತ್ರ ಮಲಗುವ ಕೋಣೆಯ ಬಾಗಿಲ ಪರದೆಯ ಮೇಲೆ. ಚಹಾ ಇಟ್ಟ ನನಗೆ ಒಳಗೆ ಎಲ್ಲ ಕೇಳುತ್ತಿತ್ತು. ಕೊನೆಗೆ ಆಕೆ ಧೈರ್ಯ ಮಾಡಿ, ಅತ್ತೆಯ ಕಿವಿಯ ಹತ್ತಿರ ಬಗ್ಗಿದರು.

"ಅಜ್ಜಿ, ಮುಂಜಾನೆ ಬಂದ ಸವತೀನ ಎಲ್ಲೆ ಇಟ್ಟೀರಿ?"

"ಅರ್ಧಾ ಹೆಚ್ಚೀವಿ ನಮ್ಮವ್ವಾ," ಅಂದರು ಅತ್ತೆ. "ಉಳದರ್ಧಾ ಫ್ರಿಜ್ಜಿನ್ಯಾಗ ಐತಿ. ನಿನಗೂ ಒಂದೀಟ ಕೊಡ್ಲೇನು?"