ಹಿಂದಿನ ಕೋಣೆಯ ಘಾಟಿ ಸೆಕ್ಷನ್

ಗುಜರಿ ಅಂಗಡಿಗೆ ನಾನು ಹೋಗಿದ್ದು ಹಳೇ ಪೇಪರ್ ಹಾಕಲು. ವಾಪಸ್ ಬಂದಿದ್ದು ರೈಲು ಹಿಡಿದುಕೊಂಡು. ಪೇಪರಿಗೆ ಅವನು ಕೊಟ್ಟಿದ್ದು ನೂರಾ ನಲವತ್ತು ರೂಪಾಯಿ. ರೈಲಿಗೆ ನಾನು ಕೊಟ್ಟಿದ್ದು ಎರಡು ಸಾವಿರದ ಇನ್ನೂರು. ಈ ಎರಡನೇ ಅಂಕಿ ಮನೆಯಲ್ಲಿ ಇಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲ.

ತಪ್ಪು ನನ್ನ ಬಾಯಿಯದು. ಸಕಲೇಶಪುರ ಕಡೆಯ ಯಾವುದೋ ಎಸ್ಟೇಟ್ ಬಂಗಲೆ ಖಾಲಿ ಮಾಡಿದಾಗ ಬಂದ ಸಾಮಾನಂತೆ. ಒಡೆದ ಲಾಟೀನು, ಮೂರು ಕಾಲಿನ ಕುರ್ಚಿ, ಅವುಗಳ ಮಧ್ಯೆ ಒಂದು ರಟ್ಟಿನ ಡಬ್ಬ. ಮುಚ್ಚಳ ತೆಗೆದರೆ ಒಳಗೆ ಕಪ್ಪು ಎಂಜಿನ್ನು, ಮೂರು ಬೋಗಿ, ಒಂದಷ್ಟು ಹಳಿ. ಅಂಗಡಿಯವನು ಆಗಲೇ ತಕ್ಕಡಿ ಎಳೆದುಕೊಂಡಿದ್ದ. ಕೆಜಿ ಲೆಕ್ಕದಲ್ಲಿ ಮುಗಿದುಹೋಗುತ್ತಿತ್ತು. ಅಷ್ಟರಲ್ಲಿ ನಾನು "ಅಯ್ಯೋ, ಹಾರ್ನ್‌ಬಿ!" ಅಂದುಬಿಟ್ಟೆ. ಅವನು ತಕ್ಕಡಿಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ. "ಇಂಗ್ಲೆಂಡ್ ಮಾಲು ಸಾರ್. ಇದೆಲ್ಲಾ ತೂಕಕ್ಕೆ ಬರಲ್ಲ."

ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ 1920ರಲ್ಲಿ ಆಟದ ರೈಲು ಮಾರಲು ಶುರು ಮಾಡಿದವನು. ನನಗೆ ಸಿಕ್ಕಿದ್ದು ಅಷ್ಟು ಹಳೆಯದಲ್ಲ, ಓಓ ಅಳತೆಯ ರೈಲು. ಅಂದರೆ ನಿಜದ ಒಂದು ಅಡಿಗೆ ಇಲ್ಲಿ ನಾಲ್ಕು ಮಿಲಿಮೀಟರ್. ಎಲ್ಲವೂ 76ರಲ್ಲಿ ಒಂದು ಪಾಲು. ಐದೂವರೆ ಅಡಿಯ ನಾನು ಆ ಲೆಕ್ಕದಲ್ಲಿ 22 ಮಿಲಿಮೀಟರ್. "ನೆನೆದ ಅವರೆಕಾಳಿನಷ್ಟು" ಎಂದಳು ಹೆಂಡತಿ. ನಾನು ವಿವರಿಸಿದ್ದರಲ್ಲಿ ಅವಳಿಗೆ ಹಿಡಿಸಿದ್ದು ಇದೊಂದೇ.

ಎಂಜಿನ್ನಿಗೆ 12 ವೋಲ್ಟ್ ಕೊಟ್ಟರೆ ಓಡಬೇಕು. ಇದು ಓಡಲಿಲ್ಲ, ಗುಂಯ್ ಅಂದಿತು. ಬಿಚ್ಚಿ ನೋಡಿದರೆ ಎಷ್ಟೋ ವರ್ಷದ ಎಣ್ಣೆ ಒಣಗಿ ಹಲಸಿನ ಮೇಣದ ಹಾಗೆ ಹಲ್ಲುಚಕ್ರಕ್ಕೆ ಅಂಟಿಕೊಂಡಿತ್ತು. ಮೋಟಾರಿನಲ್ಲಿ ಎರಡು ಚಿಕ್ಕ ಕಾರ್ಬನ್ ತುಂಡುಗಳಿರುತ್ತವೆ, ಬ್ರಷ್ ಅಂತಾರೆ. ಅವನ್ನು ಸುತ್ತುವ ತಾಮ್ರಕ್ಕೆ ಒತ್ತಿ ಹಿಡಿಯುವುದು ಕೂದಲೆಳೆಯಷ್ಟು ಸಣ್ಣ ಸ್ಪ್ರಿಂಗು. ಅದನ್ನು ಬಿಚ್ಚುವಾಗ ಎಂಜಿನ್ನನ್ನು ಪ್ಲಾಸ್ಟಿಕ್ ಕವರಿನೊಳಗೆ ಇಟ್ಟುಕೊಳ್ಳಬೇಕು ಎಂದು ತಿಳಿದವರು ಹೇಳುತ್ತಾರೆ. ನನಗೆ ಅದು ಆಮೇಲೆ ಗೊತ್ತಾಯಿತು.

ಡಿಸೆಂಬರ್ ತಿಂಗಳು. ಪಕ್ಕದಲ್ಲಿ ಅಮ್ಮ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ಸ್ಪ್ರಿಂಗು ಟಿಣ್ ಎಂದು ಹಾರಿತು. ಎಲ್ಲಿ ಬಿತ್ತೆಂದು ಕಾಣಲಿಲ್ಲ, ದಿಕ್ಕು ಮಾತ್ರ ಗೊತ್ತಾಯಿತು. ಎರಡು ಸೇರು ಕಾಳನ್ನು ಒಂದೊಂದಾಗಿ ನೋಡಿದೆ. ಸಿಪ್ಪೆ ಜಾಲಾಡಿದೆ. ಅಮ್ಮನ ಸೆರಗು ಕೊಡವಿಸಿದೆ. "ಬೊಂಬಾಯಿ ಮಿಠಾಯಿ ಕಳಕೊಂಡೋನ ಥರ ಆಡ್ಬ್ಯಾಡ, ಏಳು" ಎಂದು ಬೈಸಿಕೊಂಡೆ. ರಾತ್ರಿ ಹಿತಕಿದವರೆ ಸಾರು, ಮುದ್ದೆ. ಮೂರನೇ ತುತ್ತಿಗೆ ಕಟಂ ಎಂದಿತು. ಕಲ್ಲಲ್ಲ, ಸ್ಪ್ರಿಂಗು. ಸಾರಿನಲ್ಲಿ ಬೆಂದಿದ್ದರೂ ಏನೂ ಆಗಿರಲಿಲ್ಲ. ತೊಳೆದು ಹಾಕಿದೆ. ಎಂಜಿನ್ ಹೊರಟಿತು, ಸ್ವಲ್ಪ ಒಗ್ಗರಣೆ ವಾಸನೆಯೊಂದಿಗೆ.

ಇದಕ್ಕೆ ಹೊಲಿಗೆ ಮೆಷಿನ್ ಎಣ್ಣೆ ಒಂದು ತೊಟ್ಟು ಬಿಡಬೇಕು. ಮನೆಯಲ್ಲಿ ಕೊಬ್ಬರಿ ಎಣ್ಣೆ ಇತ್ತು. ಎಣ್ಣೆ ಎಣ್ಣೆಯೇ ಅಲ್ವಾ ಎಂದು ಅದನ್ನೇ ಬಿಟ್ಟೆ. ಆ ದಿನ ಸೆಕೆಯ ಮಧ್ಯಾಹ್ನ, ಚೆನ್ನಾಗಿ ಓಡಿತು. ಮಾರನೇ ಬೆಳಗ್ಗೆ ಆರಕ್ಕೆ ಮಿಸುಕಲಿಲ್ಲ. ವೈರು ನೋಡಿದೆ, ಹಳಿ ಒರೆಸಿದೆ, ಮತ್ತೆ ಬಿಚ್ಚಲು ಕೂತೆ. ಅಷ್ಟು ಹೊತ್ತಿಗೆ ಮಗ ತಲೆಗೆ ಎಣ್ಣೆ ಹಚ್ಚಿಕೊಳ್ಳಲು ಬಾಟಲಿ ತಂದು, ಗಟ್ಟಿಯಾಗಿದೆ ಎಂದು ಬಿಸಿಲಿಗಿಟ್ಟ. ನಾನು ಬಾಟಲಿ ನೋಡಿದೆ, ಎಂಜಿನ್ ನೋಡಿದೆ. ಆಮೇಲೆ ಅದನ್ನೂ ಬಾಟಲಿ ಪಕ್ಕದಲ್ಲಿಟ್ಟೆ. ಹಾಸನದ ಚಳಿಯಲ್ಲಿ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುತ್ತದೆ ಎಂದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ತಲೆಯಲ್ಲಿ ಗೊತ್ತಿತ್ತು, ರೈಲಿನಲ್ಲಿ ಗೊತ್ತಿರಲಿಲ್ಲ. ಒಂದು ವಾರ ನಮ್ಮನೆ ಗಾಡಿ ಒಂಬತ್ತರ ಬಿಸಿಲು ಬರದೆ ಹೊರಡುತ್ತಿರಲಿಲ್ಲ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಹಾಸನದವನ ಕೈಗೆ ರೈಲು ಕೊಟ್ಟರೆ ಅವನಿಗೆ ಕಾಣುವುದು ಘಾಟಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 55 ಕಿಲೋಮೀಟರ್, 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ. 76ರಿಂದ ಭಾಗಿಸಿದೆ. ಸುಮಾರು 720 ಮೀಟರ್ ಹಳಿ ಬೇಕು. ನಮ್ಮ ಹಿಂದಿನ ಕೋಣೆ ಹತ್ತಡಿಗೆ ಹನ್ನೆರಡಡಿ, ಅದರಲ್ಲೂ ಅರ್ಧ ಅಕ್ಕಿ ಮೂಟೆ, ಅಮ್ಮನ ಟ್ರಂಕು. ಎಂಟಡಿಗೆ ನಾಲ್ಕಡಿಯ ಒಂದು ಪ್ಲೈವುಡ್ ಹಲಗೆ ಹಿಡಿಸಿತು. ಒಂದು ಸುರಂಗ, ಒಂದು ಸೇತುವೆ ಎಂದು ತೀರ್ಮಾನವಾಯಿತು. "ಮಿಕ್ಕ ಐವತ್ತಾರು?" ಎಂದು ಹೆಂಡತಿ ಕೇಳಿದಳು. ಎರಡನೇ ಹಂತದಲ್ಲಿ ಎಂದೆ. ಅವಳು ಸರ್ಕಾರಿ ಶಾಲೆಯ ಟೀಚರು. ಎರಡನೇ ಹಂತ ಎಂದರೆ ಏನೆಂದು ಅವಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹಳಿಯದ್ದು ಇನ್ನೊಂದು ತಮಾಷೆ. ಇದರ ಅಗಲ 16.5 ಮಿಲಿಮೀಟರ್. ಲೆಕ್ಕ ಹಾಕಿದರೆ ನಾಲ್ಕಡಿ ಒಂದೂವರೆ ಇಂಚು. ನಮ್ಮ ಬ್ರಾಡ್‌ಗೇಜ್ ಐದೂವರೆ ಅಡಿ, ಮೀಟರ್‌ಗೇಜ್ ಮೂರಡಿ ಚಿಲ್ಲರೆ. ಹಾಸನ–ಮಂಗಳೂರು ಲೈನು 1979ರಲ್ಲಿ ಶುರುವಾದಾಗ ಮೀಟರ್‌ಗೇಜ್, ಆಮೇಲೆ ಬ್ರಾಡ್‌ಗೇಜ್ ಆಯಿತು. ನನ್ನದು ಪರಿವರ್ತನೆ ಕೆಲಸ ಅರ್ಧಕ್ಕೆ ನಿಂತುಹೋದ ಲೈನು.

ಘಾಟಿಯ ಏರು ಐವತ್ತಕ್ಕೆ ಒಂದು, ಅಂದರೆ ಐವತ್ತಡಿ ಮುಂದೆ ಹೋದರೆ ಒಂದಡಿ ಮೇಲೆ. ನನ್ನ ಸೇತುವೆ ಮೂರು ಇಂಚು ಮೇಲಿರಬೇಕು. ಹಾಗಾದರೆ ಹನ್ನೆರಡೂವರೆ ಅಡಿ ಉದ್ದದ ಏರು ಬೇಕು. ಇದ್ದಿದ್ದು ಐದಡಿ. ಇಪ್ಪತ್ತಕ್ಕೆ ಒಂದಾಯಿತು. ಎಂಜಿನ್ ಅರ್ಧ ಹತ್ತಿ, ಚಕ್ರ ಮಾತ್ರ ಗಿರಗಿರ ತಿರುಗಿಸುತ್ತಾ, ಹಾಗೇ ಹಿಂದಕ್ಕೆ ಜಾರುತ್ತಿತ್ತು. ನಿಜವಾದ ಘಾಟಿಯಲ್ಲಿ ಇಂಥ ಕಡೆ ಹಿಂದಿನಿಂದ ತಳ್ಳಲು ಬೇರೆ ಎಂಜಿನ್ ಹಾಕುತ್ತಾರೆ. ಅದಕ್ಕೆ ಬ್ಯಾಂಕರ್ ಎಂದು ಹೆಸರು. ನಾನೂ ಬ್ಯಾಂಕಿನಲ್ಲೇ ಇರುವವನು. ತೋರುಬೆರಳಿನಿಂದ ತಳ್ಳಿದೆ.

ಮಣ್ಣು, ಮರ, ಗುಡ್ಡದ ಕೆಲಸ ಶುರುವಾದ ಮೇಲೆ ಅಡುಗೆಮನೆಯಲ್ಲಿ ಯಾವ ವಸ್ತುವೂ ಇಟ್ಟ ಜಾಗದಲ್ಲಿ ಇರಲಿಲ್ಲ. ಒಣಗಿದ ಹೀರೆಕಾಯಿ ನಾರು ಕತ್ತರಿಸಿ, ತಾಮ್ರದ ತಂತಿ ಹೊಸೆದು ಸಿಕ್ಕಿಸಿದರೆ ಒಳ್ಳೆ ಮರವಾಗುತ್ತದೆ. ಸಾಮಿಲ್ಲಿನ ಹೊಟ್ಟಿಗೆ ಹಸಿರು ಬಣ್ಣ ಕಲಸಿದರೆ ಹುಲ್ಲು. ಬಣ್ಣ ಬರಿಗೈಯಲ್ಲಿ ಕಲಸಿದ್ದರಿಂದ ಮೂರು ದಿನ ಕ್ಯಾಶ್ ಕೌಂಟರಿನಲ್ಲಿ ಹಸಿರು ಕೈಯಲ್ಲೇ ನೋಟು ಎಣಿಸಿದೆ. ಒಬ್ಬ ಅಜ್ಜ ಹಣ ಇಸ್ಕೊಂಡು, ನನ್ನ ಕೈ ನೋಡಿ, ನೋಟನ್ನು ಬೆಳಕಿಗೆ ಹಿಡಿದು ಎರಡೆರಡು ಸಲ ಪರೀಕ್ಷೆ ಮಾಡಿದರು. ಜಲ್ಲಿಗೆ ಸಣ್ಣ ಮರಳು. ಅಮ್ಮನ ಹಿಟ್ಟಿನ ಜರಡಿಯಲ್ಲೇ ಜರಡಿ ಹಿಡಿದು, ಹಳಿ ನಡುವೆ ಹರಡಿ, ಫೆವಿಕಾಲ್‌ಗೆ ನೀರು ಬೆರೆಸಿ ತೊಟ್ಟು ತೊಟ್ಟಾಗಿ ಬಿಡಬೇಕು. ನಾನು ಧಾರೆ ಎರೆದೆ. ಹಳಿ ಬದಲಿಸುವ ಪಾಯಿಂಟು ಮಂಗಳೂರು ಕಡೆ ತಿರುಗಿದ್ದು ಹಾಗೇ ಅಂಟಿಕೊಂಡಿತು. ಅಂದಿನಿಂದ ನಮ್ಮಲ್ಲಿ ಎಲ್ಲ ಗಾಡಿಗಳೂ ಮಂಗಳೂರಿಗೇ.

ಗುಡ್ಡಕ್ಕೆ ಥರ್ಮಾಕೋಲು, ಅದರ ಮೇಲೆ ಮೈದಾ ಅಂಟಿನಲ್ಲಿ ಅದ್ದಿದ ಪೇಪರು, ಅದರ ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್. ಕಾಡಿನ ಮಣ್ಣಿಗೆ ಫಿಲ್ಟರಿನಲ್ಲಿ ಉಳಿದ ಕಾಫಿ ಚರಟ. ಮಲೆನಾಡಿನ ಗುಡ್ಡಕ್ಕೆ ಮಲೆನಾಡಿನ ಕಾಫಿ, ಆಹಾ! ಚರಟವನ್ನು ಪೂರ್ತಿ ಒಣಗಿಸಬೇಕು. ನಾನು ಒಂದು ಮಧ್ಯಾಹ್ನ ಒಣಗಿಸಿದ್ದೆ. ಜೂನ್ ಮಳೆ ಹಿಡಿದ ಹತ್ತನೇ ದಿನಕ್ಕೆ ಗುಡ್ಡದ ಮೇಲೆ ಬಿಳಿ ಬೂಷ್ಟು. "ಮಂಜು ಬಿದ್ದಿದೆ" ಎಂದೆ. ನೋಡಲು ನಿಜಕ್ಕೂ ಹಾಗೇ ಇತ್ತು, ವಾಸನೆ ಮಾತ್ರ ಮಂಜಿನದ್ದಲ್ಲ. ಮೈದಾ ತಿನ್ನಲು ಜಿರಳೆ ಬಂದವು. ಜಿರಳೆ ತಿನ್ನಲು ಹಲ್ಲಿ ಬಂತು. ಸುರಂಗಕ್ಕಿಂತ ಒಳ್ಳೆ ಜಾಗ ಅದಕ್ಕಾದರೂ ಎಲ್ಲಿದೆ?

ಸುರಂಗದ ಮೇಲೆ ಕೈ ಹಾಕಲು ಒಂದು ಮುಚ್ಚಳ ಬಿಡಬೇಕು. ಇದನ್ನೂ ಆಮೇಲೆ ತಿಳಿದುಕೊಂಡೆ. ಒಂದು ದಿನ ಗಾಡಿ ಒಳಗೆ ಹೋಗಿದ್ದು ಹೊರಗೆ ಬರಲಿಲ್ಲ. ಮೊಣಕೈವರೆಗೆ ತೂರಿಸಿ ತಡಕಿದೆ. ಒಂದು ಬೋಗಿ ಸಿಕ್ಕಿತು. ಎರಡನೇ ಸಲ ಸಿಕ್ಕಿದ್ದು ತಣ್ಣಗಿತ್ತು, ಮೆತ್ತಗಿತ್ತು, ಅದೂ ನನ್ನಷ್ಟೇ ಗಾಬರಿಯಾಗಿತ್ತು. ಕಡೆಗೆ ತೆಂಗಿನ ಪೊರಕೆ ಕಡ್ಡಿಯಿಂದ ಎಂಜಿನ್ನನ್ನು ಆಚೆ ದೂಡಿದೆ.

2024ರ ಜುಲೈ ಕೊನೆ. ನಮ್ಮದು ಹೆಂಚಿನ ಮನೆ. ಗಾಳಿಮಳೆಗೆ ಒಂದು ಹೆಂಚು ಸರಿದು, ರಾತ್ರಿಯಿಡೀ ಸರಿಯಾಗಿ ಗುಡ್ಡದ ನೆತ್ತಿಗೇ ನೀರು ಸೋರಿದೆ. ಬೆಳಗ್ಗೆ ಬಾಗಿಲು ತೆಗೆದರೆ ಪೇಪರು, ಪ್ಲಾಸ್ಟರು, ಕಾಫಿ ಚರಟ, ಹೀರೆಕಾಯಿ ಮರ ಎಲ್ಲಾ ಒಂದಾಗಿ ಹಳಿ ಮೇಲೆ ಕೂತಿದ್ದವು. ಸುರಂಗವೊಂದು ನಿಂತಿತ್ತು. ನಾನು ಮೊರ ಹುಡುಕುತ್ತಿದ್ದೆ. ನಡುಮನೆಯಿಂದ ಅಮ್ಮ ಕೂಗಿದಳು, "ಲೋ, ಬಾರ್ಲಾ ಇಲ್ಲಿ, ನಿನ್ ಗುಡ್ಡ ಟೀವಿಲಿ ತೋರಿಸ್ತಾವ್ರೆ!" ನೋಡಿದರೆ ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿ ಕೆಳಗಿನ ಮಣ್ಣು ಕುಸಿದು, ಘಾಟಿಯಲ್ಲಿ ರೈಲು ನಿಂತಿತ್ತು. ಅಷ್ಟು ನಿಖರವಾಗಿ ನಾನು ಬೇಕೆಂದು ಮಾಡಿದ್ದರೂ ಆಗುತ್ತಿರಲಿಲ್ಲ.

ಆ ಮಳೆಯಲ್ಲೇ ಹಗಲೂ ರಾತ್ರಿ ಮರಳುಚೀಲ ಪೇರಿಸಿ ಕೆಲಸ ಮಾಡಿದರು. ಆಗಸ್ಟ್‌ನಲ್ಲಿ ಗಾಡಿಗಳು ಓಡತೊಡಗಿದವು. ನಮ್ಮನೆ ಲೈನು ಮಾತ್ರ ಬಂದ್. ನನ್ನ ಸೋಮಾರಿತನವಲ್ಲ, ಸುಮ್ನೆ ಹೇಳಬಾರದು. ಅವಶೇಷ ಎತ್ತುವಾಗ ಟಾರ್ಚ್ ಬಿಟ್ಟು ನೋಡಿದರೆ ಸುರಂಗದ ಗೋಡೆಗೆ ಎರಡು ಬಿಳೀ ಮೊಟ್ಟೆ ಅಂಟಿದ್ದವು. ಮರಿಯಾಗುವವರೆಗೆ ಮುಟ್ಟಕೂಡದು ಎಂದು ಅಮ್ಮನ ಅಪ್ಪಣೆ.

"ದಸರಾ ಹೊತ್ತಿಗೆ ಓಡಿಸ್ತೀನಿ ನೋಡ್ತಿರು" ಎಂದೆ ರಾತ್ರಿ ಊಟಕ್ಕೆ ಕೂತಾಗ.

"ನಿಮ್ಮ ರೈಲು ಇನ್ನು ಓಡಿದ ಹಾಗೇ ಬಿಡ್ರೀ" ಎಂದಳು ಹೆಂಡತಿ.

ಹಿಂದಿನ ಕೋಣೆಯಿಂದ, ಸುರಂಗದ ಒಳಗಿನಿಂದಲೇ ಇರಬೇಕು, ಸ್ಪಷ್ಟವಾಗಿ ಕೇಳಿಸಿತು: ಲೊಚ್ ಲೊಚ್ ಲೊಚ್.

ಅಮ್ಮ ಎಡಗೈಯಲ್ಲಿ ನೆಲ ತಟ್ಟಿ, "ಕೃಷ್ಣ ಕೃಷ್ಣ, ಸತ್ಯ ಕಣವ್ವ" ಎಂದು ಇನ್ನೊಂದು ಸೌಟು ಸಾರು ಬಡಿಸಿದಳು.