ಮಾಟಗಾತಿಯನ್ನು ಪ್ರಯೋಗ ಮಾಡಿ ಸಾಬೀತುಪಡಿಸುವ ಬಗೆ

ಬೇಕಾಗುವ ಸಾಮಾನು: ಫಿಟ್ಸ್ ಬರುವ ಹುಡುಗಿ ಒಬ್ಬಳು, ಮಾಟದ ಆರೋಪ ಹೊತ್ತ ವಿಧವೆಯರು ಇಬ್ಬರು, ಏಪ್ರನ್ ಒಂದು. ಸ್ಥಳ ಇಂಗ್ಲೆಂಡಿನ ಬರಿ ಸೇಂಟ್ ಎಡ್ಮಂಡ್ಸ್ ಕೋರ್ಟು, 1662ರ ಮಾರ್ಚ್.

ಸಾಕ್ಷಿಗಳಿಗೇನೂ ಬರವಿರಲಿಲ್ಲ. ಮಕ್ಕಳು ಸೊಟ್ಟ ಗುಂಡುಸೂಜಿ ವಾಂತಿ ಮಾಡಿದ್ದವು. ಒಬ್ಬನ ಗಾಡಿ ಗೇಟಿನಲ್ಲಿ ಸಿಕ್ಕಿಕೊಂಡಿತ್ತು, ಅದೂ ಕಂಬಕ್ಕೆ ಎಲ್ಲೂ ತಾಗದೆ! ಕೊನೆಗೆ ಕಂಬವನ್ನೇ ಕಡಿದರಂತೆ. ಇಷ್ಟಾದರೂ ಕೋರ್ಟಿಗೆ ಪ್ರಯೋಗವೇ ಬೇಕಾಯಿತು.

ಫಿಟ್ಸ್ ಬಂದಾಗ ಹುಡುಗಿಯ ಮುಷ್ಟಿಯನ್ನು ಎಂಥ ಗಟ್ಟಿಗನೂ ಬಿಡಿಸಲಾರ. ಮಾಟಗಾತಿ ಮುಟ್ಟಿದರೆ ಮಾತ್ರ ಚೀರಿ ಬಿಚ್ಚುತ್ತಾಳೆ. ಸಂಶಯ ಬಂದ ಕೆಲವು ದೊಡ್ಡ ಮನುಷ್ಯರನ್ನು ನ್ಯಾಯಾಧೀಶ ಮ್ಯಾಥ್ಯೂ ಹೇಲ್ ಪರೀಕ್ಷೆಗೆ ಕಳಿಸಿದ. ಅವರು ಆರೋಪಿ ಏಮಿ ಡೆನಿಯನ್ನು ಹುಡುಗಿಯ ಹತ್ತಿರ ಕರೆತಂದರು, ಹುಡುಗಿಯ ಕಣ್ಣಿಗೆ ಏಪ್ರನ್ ಅಡ್ಡ ಹಿಡಿದರು, ಬೇರೆ ಯಾರಿಂದಲೋ ಕೈ ಮುಟ್ಟಿಸಿದರು. ಪರಿಣಾಮ ಅದೇ! ಬಂದವರೇ 'ಇದೆಲ್ಲ ಶುದ್ಧ ಮೋಸ' ಅಂದರು.

ಕೇಸು ಮುಗಿಯಬೇಕಿತ್ತಲ್ಲವೇ? ಹುಡುಗಿಯ ಅಪ್ಪ ಎದ್ದು ನಿಂತ. ಮಾಟಗಾತಿಯೇ ಮುಟ್ಟಿದಳೆಂದು ಮಗಳು ತಪ್ಪು ತಿಳಿದಿರಬಹುದು ಸ್ವಾಮಿ, ಅಂದ. ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಮಾಟ ಇದೆ ಅನ್ನೋದಕ್ಕೆ ಬೈಬಲ್ಲೇ ಸಾಕ್ಷಿ, ಎಲ್ಲ ದೇಶಗಳ ಕಾನೂನೂ ಸಾಕ್ಷಿ ಎಂದು ಹೇಲ್ ಜ್ಯೂರಿಗೆ ತಿಳಿಹೇಳಿದ. ಅರ್ಧ ಗಂಟೆಯಲ್ಲಿ ಜ್ಯೂರಿ 'ತಪ್ಪಿತಸ್ಥರು' ಅಂದಿತು. ಇನ್ನರ್ಧ ಗಂಟೆಯೊಳಗೆ ಮಕ್ಕಳ ಕಾಯಿಲೆ ಮಾಯ. ವಿಧವೆಯರಿಬ್ಬರೂ ಗಲ್ಲಿಗೇರಿದರು.

ಅದೇ ವರ್ಷ ಜುಲೈಯಲ್ಲಿ ಲಂಡನ್ನಿನ ವಿಜ್ಞಾನಿಗಳ ಸಂಘ ರಾಯಲ್ ಸೊಸೈಟಿಗೆ ರಾಜನ ಸನ್ನದು ಸಿಕ್ಕಿತು. ಯಾರ ಮಾತನ್ನೂ ಸುಮ್ಮನೆ ನಂಬಬೇಡ ಎಂಬುದು ಅದರ ಧ್ಯೇಯವಾಕ್ಯ. ಮುಂದೆ ಅದರ ಸದಸ್ಯನಾದ ಪಾದ್ರಿ ಜೋಸೆಫ್ ಗ್ಲಾನ್ವಿಲ್ ಯಾರ ಮಾತನ್ನೂ ನಂಬದೆ, 1663ರ ಜನವರಿಯಲ್ಲಿ ಟೆಡ್‌ವರ್ತಿನ ದೆವ್ವದ ಮನೆಗೆ ಖುದ್ದಾಗಿ ಹೋದ. ಮಕ್ಕಳು ಮಲಗಿದ್ದ ಹಾಸಿಗೆಯಲ್ಲಿ ಪರಪರ ಸದ್ದು. ದಿಂಬಿನ ಹಿಂದೆ ಕೈ ಹಾಕಿದ, ಸದ್ದು ಬೇರೆ ಕಡೆ ಸರಿಯಿತು. ಹುಡುಕಿದ, ಕಾರಣ ಸಿಗಲಿಲ್ಲ. ಸಿಗಲಿಲ್ಲವೆಂದರೆ ದೆವ್ವವೇ! ತಮಾಷೆಯೆಂದರೆ, ಮಾಟವೆಲ್ಲ ಬುರುಡೆ ಎಂದ ಜಾನ್ ವೆಬ್‌ಸ್ಟರನ 1677ರ ಪುಸ್ತಕಕ್ಕೆ ಪ್ರಕಟಣೆಯ ಒಪ್ಪಿಗೆ ಕೊಟ್ಟದ್ದೂ ಅದೇ ಸೊಸೈಟಿಯ ಉಪಾಧ್ಯಕ್ಷ. ಒಂದೇ ಅಂಗಡಿ, ಎರಡು ಸರಕು.

ಬರಿ ಸೇಂಟ್ ಎಡ್ಮಂಡ್ಸ್ ವಿಚಾರಣೆಯ ವರದಿ 1682ರಲ್ಲಿ ಅಚ್ಚಾಗಿ ಅಟ್ಲಾಂಟಿಕ್ ದಾಟಿತು. 1692ರಲ್ಲಿ ಅಮೆರಿಕದ ಸೇಲಂನ ಮಾಟಗಾತಿ ವಿಚಾರಣೆಗಳಿಗೆ ಅದೇ ಮಾದರಿ. ಅಲ್ಲಿಯೂ ಮುಟ್ಟಿಸಿ ನೋಡುವ ಪರೀಕ್ಷೆ, 19 ಮಂದಿಗೆ ನೇಣು. ಏಪ್ರನ್ನಿನ ಸಂಗತಿ ಆ ವರದಿಯಲ್ಲೇ ಅಚ್ಚಾಗಿತ್ತು.